ಮಸ್ಕಿಯ ಹದಿನೇಳನೇ ನೆಗೆಟಿವ್

"ಕೈ ಮ್ಯಾಲ ಮಾಡು. ಇನ್ನೂ ಮ್ಯಾಲ."

ಮಾಡಿದೆ. ಬಲಗೈ ಎದ್ದಿತು. ಎಡಗೈ ಏಳಲಿಲ್ಲ. ಭುಜದ ಕೀಲು ಎಲ್ಲೋ ತಪ್ಪಿತ್ತು.

ಮೊಣಕಾಲ ಕೆಳಗೆ ಜೋಳದ ಕೂಳೆ ಚುಚ್ಚುತ್ತಿತ್ತು. ನೆತ್ತಿಯ ಮೇಲೆ ಹನ್ನೊಂದರ ಬಿಸಿಲು. ಬಾಯಲ್ಲಿ ರಕ್ತ... ನನ್ನದೇ. ನನ್ನ ಹಳೆಯ ಮೋಟರ್‌ಸೈಕಲ್ ಹತ್ತು ಮಾರು ದೂರದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಹಿಂದಿನ ಗಾಲಿ ಇನ್ನೂ ತಿರುಗುತ್ತಿತ್ತು.

ಎದುರಿಗೆ ಮಾನಪ್ಪ. ರೈಸ್‌ಮಿಲ್ ಪಂಪಣ್ಣನ ಜೀಪಿನ ಡ್ರೈವರ್ ಅಂತ ಹೇಳಿಕೊಳ್ಳುತ್ತಾನೆ. ಅವನು ಮಾಡುವ ಕೆಲಸಗಳಲ್ಲಿ ಜೀಪು ಓಡಿಸುವುದೇ ಕಡಿಮೆ. ಹಿಂದೆ ಇನ್ನಿಬ್ಬರು ನಿಂತಿದ್ದರು. ಒಬ್ಬನ ಕೈಯಲ್ಲಿ ಜಾಕ್ ರಾಡು.

ಮಾನಪ್ಪ ನನ್ನ ಅಂಗಿಯ ಜೇಬಿಗೆ ಕೈ ಹಾಕಿದ. ಕವರ್ ಸಿಕ್ಕಿತು. ಅದರೊಳಗಿನಿಂದ ಎರಡು ಬೆರಳಗಲದ, ಗೇಣುದ್ದದ ಫಿಲ್ಮಿನ ತುಂಡನ್ನು ಎಳೆದ.

"ಇದೊಂದ ಏನು?"

"ಅದೊಂದ."

"ಮತ್ತೆಲ್ಲ್ಯಾರ ಇಟ್ಟೀಯೇನು?"

"ನೆಗೆಟಿವ್‌ಗೆ ಜೋಡಿ ಇರಂಗಿಲ್ಲ ಮಾನಪ್ಪ. ಅದನ್ನ ಸುಡಬ್ಯಾಡ. ಬೇಕಾದ್ರ ಇನ್ನೊಂದು ಕೈ ಮುರಿ."

ಅವನು ನಕ್ಕ. ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ.

"ಬ್ಯಾಡೋ... ಒಬ್ಬ ಮನಶ್ಯಾನ ಜೀವ ಐತಿ ಅದರಾಗ."

"ಅದಕ್ಕ ಸುಡಾಕತ್ತೀನಿ."

ಕಡ್ಡಿ ಗೀರಿದ.

ಇಲ್ಲಿ ಒಂದು ಗಳಿಗೆ ನಿಲ್ಲಿಸುತ್ತೇನೆ. ನಾನು ಆ ಹೊಲಕ್ಕೆ ಹೇಗೆ ಬಂದೆ ಅನ್ನುವುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಆಮೇಲೆ ಆದದ್ದು ನಿಮಗೆ ತಿಳಿಯುವುದಿಲ್ಲ.

ನನ್ನ ಹೆಸರು ಮಾಳಿಂಗಪ್ಪ. ಹನ್ನೊಂದು ವರ್ಷ ಕಾನ್‌ಸ್ಟೇಬಲ್ ಆಗಿದ್ದೆ. ಒಬ್ಬ ದೊಡ್ಡವರ ಮಗನ ಹೆಸರನ್ನು ಪಂಚನಾಮೆಯಿಂದ ತೆಗೆ ಅಂದರು. ತೆಗೆಯಲಿಲ್ಲ. ನನ್ನನ್ನು ತೆಗೆದರು. ಅವತ್ತಿನಿಂದ ಲಿಂಗಸೂಗೂರಿನ ವಕೀಲರಿಗೆ ಹುಡುಕಿಕೊಡುವ ಕೆಲಸ ಹಿಡಿದೆ. ತಲೆ ಮರೆಸಿಕೊಂಡ ಸಾಕ್ಷಿ, ಕಾಣೆಯಾದ ಕಾಗದ, ಬದುಕಿದ್ದೂ ಸತ್ತವನೆಂದು ಬರೆಸಿಕೊಂಡ ಮನುಷ್ಯ... ಎಲ್ಲವನ್ನೂ ಹುಡುಕಿದ್ದೇನೆ.

೧೯೯೯ರ ಫೆಬ್ರುವರಿ ನಡುವೆ ವಕೀಲೆ ಪಾರ್ವತೆಮ್ಮ ಹೇಳಿ ಕಳಿಸಿದರು. ಹೋದೆ. ಅವರ ಮೇಜಿನ ಎದುರಿಗೆ ಒಬ್ಬ ಹೆಂಗಸು ಕೂತಿದ್ದಳು. ಸಿಂಧನೂರಿನ ಬಳಿಯ ಗೊರೇಬಾಳದ ಅಂಗನವಾಡಿ ಟೀಚರ್ ಯಂಕಮ್ಮ. ಗಂಡ ಗಾಳೆಪ್ಪ ಹತ್ತು ದಿನದಿಂದ ಸಬ್‌ಜೈಲಿನಲ್ಲಿದ್ದ. ಕೊಲೆಯ ಆರೋಪ.

ಸತ್ತವನು ಗ್ಯಾನಪ್ಪ. ಕಾಲುವೆಯಲ್ಲಿ ದಿನಾ ನೀರಿನ ಮಟ್ಟ ಅಳೆದು ಬರೆಯುವ ಗೇಜ್ ರೀಡರ್. ಫೆಬ್ರುವರಿ ಎರಡು, ಮಂಗಳವಾರ, ಮಧ್ಯಾಹ್ನ ಮೂರೂವರೆಗೆ ಅವನನ್ನು ಜೀವಂತ ಕಂಡವರಿದ್ದರು. ಐದಕ್ಕೆ ಹೆಣ ತೂಬಿನ ಕಬ್ಬಿಣಕ್ಕೆ ಸಿಕ್ಕಿಕೊಂಡಿತ್ತು. ಹಿಂದಿನ ದಿನವೇ ಗಾಳೆಪ್ಪ, ಕೆಳಗಿನ ಹೊಲಗಳಿಗೆ ನೀರು ಬರುತ್ತಿಲ್ಲವೆಂದು ಅವನ ಕಾಲರ್ ಹಿಡಿದಿದ್ದ. ಊರೇ ನೋಡಿತ್ತು.

ಪೊಲೀಸರಿಗೆ ಅಷ್ಟು ಸಾಕಾಯಿತು.

"ನಮ್ಮ ಮನಿಯವರು ಅವತ್ತು ಮಸ್ಕಿಗೆ ಹೋಗಿದ್ರು ಅಣ್ಣಾರ," ಅಂದಳು ಯಂಕಮ್ಮ. "ಎತ್ತು ನೋಡಿ ಬರ್ತೀನಿ ಅಂತ ಮುಂಜಾಲೆ ಹೇಳಿ ಹೋಗ್ಯಾರ. ಇಲ್ಲಿ ನೋಡ್ರಿ."

ಪತ್ರಿಕೆಯ ತುಂಡೊಂದನ್ನು ಮೇಜಿನ ಮೇಲಿಟ್ಟಳು. ಅದೇ ಮಂಗಳವಾರ ಮಸ್ಕಿಯಲ್ಲಿ ನಡೆದ ಜಾನುವಾರು ಆರೋಗ್ಯ ಶಿಬಿರದ ಫೋಟೊ. ಮುಂದೆ ಅತಿಥಿಗಳು, ಒಂದು ಹೋರಿ. ಹಿಂದೆ ಪೆಂಡಾಲಿನ ನೆರಳಿನಲ್ಲಿ ಜನ. ಮುಖ್ಯ ಅತಿಥಿ ಬಂದದ್ದೇ ನಾಲ್ಕು ಗಂಟೆಗೆ ಅಂತ ಸುದ್ದಿಯಲ್ಲೇ ಇತ್ತು. ಅವಳ ಬೆರಳು ನಾಲ್ಕನೇ ಸಾಲಿನ ಮೇಲೆ ನಿಂತಿತು. ತಲೆಗೆ ಟವೆಲ್ಲು, ಗೀರಿನ ಅಂಗಿ.

"ಇವರ ನಮ್ಮವರು. ಆ ಅಂಗಿ ನಾನ ಹೊಲಿಸೀನಿ."

ನೋಡಿದೆ. ಕೈ ಚಾಚಿ ಹಿಡಿದರೆ ಒಬ್ಬ ಮನುಷ್ಯ. ಹತ್ತಿರ ತಂದರೆ ಬರೀ ಕರಿ ಚುಕ್ಕಿ.

"ಕೋರ್ಟಿನ್ಯಾಗ ಇದನ್ನ ಇಟ್ರ ಸರ್ಕಾರಿ ವಕೀಲ ನಗ್ತಾನ," ಅಂದರು ಪಾರ್ವತೆಮ್ಮ. "ಮಖ ಎಲ್ಲೈತಿ ತೋರ್ಸು ಅಂತಾನ. ನನಗ ಮೂಲ ಬೇಕು ಮಾಳಿಂಗಪ್ಪ."

"ಸಿಂಧನೂರು ಬಿಟ್ಟು ಇಷ್ಟು ದೂರ ಯಾಕ ಬಂದಾರ ಇವರು? ಅಲ್ಲಿ ವಕೀಲರಿಲ್ಲೇನ್ರಿ?"

"ಈ ಫೋಟೊ ಮೂರು ಮಂದಿಗೆ ತೋರ್ಸ್ಯಾಳ, ಮೂವರೂ ಕೇಸು ವಾಪಸ್ ಕೊಟ್ಟಾರ. ಪಂಪಣ್ಣನ ಹೆಸರು ಕೇಳಿ."

"ಪಂಪಣ್ಣ ಇದರಾಗ ಎಲ್ಲಿ ಬಂದ?"

"ಕಾಲುವಿಗೆ ಅವನ ಕಳ್ಳ ಪೈಪು ಐತಿ. ಗ್ಯಾನಪ್ಪ ಅದನ್ನ ಬರದು ಮ್ಯಾಲಿನವರಿಗೆ ಕಳಿಸಿದ್ದ. ಕಳಿಸಿದ ಮೂರನೇ ದಿನಕ್ಕ ಸತ್ತ."

ಯಂಕಮ್ಮ ತನ್ನ ಪರ್ಸಿನಿಂದ ಗಂಡನ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆದು ಕೊಟ್ಟಳು. ಮೂವತ್ತೈದರ ಗಂಡಸು. ದಟ್ಟ ಮೀಸೆ, ಅಗಲ ದವಡೆ. ಜೇಬಿಗೆ ಹಾಕಿಕೊಂಡು ಎದ್ದೆ.

ಸಿಂಧನೂರು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಶಾವಲಿಯ ಕಂಪ್ಯೂಟರ್ ಅಂಗಡಿ. ಲಗ್ನಪತ್ರಿಕೆ, ಬಿಲ್‌ಬುಕ್ಕು ಅಕ್ಷರ ಜೋಡಿಸುವವನು. ಮಸ್ಕಿಯ ಫೋಟೊಗ್ರಾಫರ್ ಹುಸೇನ್‌ಸಾಬ್ ತೆಗೆದ ಚಿತ್ರವನ್ನು ಸ್ಕ್ಯಾನ್ ಮಾಡಿ, ಫ್ಲಾಪಿಗೆ ಹಾಕಿ, ರಾಯಚೂರಿನ ಬಸ್ಸಿನಲ್ಲಿ ಪತ್ರಿಕೆಗೆ ಕಳಿಸಿದವನು ಅವನೇ.

ಅವನು ಫೈಲು ತೆರೆದ. ಮೆಲ್ಲಗೆ, ಮೇಲಿನಿಂದ ಕೆಳಕ್ಕೆ, ಗೆರೆಗೆರೆಯಾಗಿ ಚಿತ್ರ ಇಳಿಯಿತು.

"ಆ ಗೀರಿನ ಅಂಗಿಯಾಂವನ್ನ ದೊಡ್ಡದು ಮಾಡು."

ಮಾಡಿದ. ಮತ್ತೆ ಮಾಡಿದ. ಮುಖ ಇರಬೇಕಾದಲ್ಲಿ ನೆಲಕ್ಕೆ ಹಾಸಿದ ಬಂಡೆಗಳಂತೆ ಚೌಕಗಳು. ಎರಡು ಕಪ್ಪು, ಮೂರು ಬೂದಿ. ಅದರ ಮೇಲೆ ಮರಳು ಎರಚಿದ ಹಾಗೆ ಕಾಳು.

"ಇದೇನಿದು?"

"ಸ್ಕ್ಯಾನ್ ಮಾಡಿದಾಗ ಹದಿನೆಂಟು ಎಂಬಿ ಇತ್ರಿ. ಫ್ಲಾಪಿ ಒಂದೂವರೆಗಿಂತ ಹೆಚ್ಚಿಗಿ ಹಿಡಿಯಂಗಿಲ್ಲ. ಅದಕ್ಕ ಒತ್ತಿ ಸಣ್ಣದು ಮಾಡೀನಿ."

"ಒತ್ತಿದ್ರ?"

"ಬಾಜು ಬಾಜು ಎಂಟೆಂಟು ಚುಕ್ಕಿ ಕೂಡಿಸಿ, ಇವೆಲ್ಲಾ ಹೆಚ್ಚುಕಮ್ಮಿ ಒಂದ ಅಂತ ಕಂಪ್ಯೂಟರ್ ಬರಕೊಂತೈತ್ರಿ. ಸಣ್ಣ ಸಣ್ಣವು ಹಾರಿಹೋಗತಾವ. ದೂರಿಂದ ನೋಡಿದ್ರ ಗೊತ್ತಾಗಂಗಿಲ್ಲ."

"ಮತ್ತ ಈ ಮರಳು?"

"ಅದು ಫಿಲ್ಮಿಂದರಿ. ಪೆಂಡಾಲಿನ ನೆಳ್ಳಾಗ ಬೆಳಕು ಸಾಲಿಲ್ಲ, ಸಾಬ್ರು ಸ್ಪೀಡ್ ಫಿಲ್ಮು ಹಾಕ್ಯಾರ. ಸ್ಪೀಡ್ ಫಿಲ್ಮಿಗೆ ಕಾಳು ದಪ್ಪ. ಆದ್ರ ಆ ಕಾಳಿನ ಹಿಂದ ಮನಶ್ಯಾ ಇರ್ತಾನ್ರಿ. ನನ್ನ ಚೌಕದ ಹಿಂದ ಏನೂ ಇಲ್ಲ."

"ಆ ಹದಿನೆಂಟು ಎಂಬಿ ಎಲ್ಲೈತಿ?"

"ಅಳಿಸೀನ್ರಿ. ಡಿಸ್ಕ್ ತುಂಬಿತ್ತು. ಸಾಬ್ರು ಕೊಟ್ಟ ಪ್ರಿಂಟೂ ರದ್ದಿಗೆ ಹೋತು."

"ಇದನ್ನ ತಿರುಗಿ ಬಿಚ್ಚಿದ್ರ ಹೋದದ್ದು ಬರತೈತೇನು?"

"ಇಲ್ರಿ. ಹೋದದ್ದು ಹೋತು. ಮೂಲ ಬೇಕಂದ್ರ ನೆಗೆಟಿವ್ ಒಂದ."

ಫ್ಲಾಪಿಯ ಇನ್ನೊಂದು ಪ್ರತಿ ಮಾಡಿ ಕೊಟ್ಟ.

"ಮುಂಜಾಲೆ ಇನ್ನೊಬ್ರು ಬಂದಿದ್ರು. ಅವರೂ ಇದನ್ನ ಕೇಳಿದ್ರು. ಹೇಳಿಬಿಟ್ಟೀನ್ರಿ... ಮಸ್ಕಿ, ಹುಸೇನ್‌ಸಾಬ್ರ ಸ್ಟುಡಿಯೊ ಅಂತ."

"ಯಾರು?"

ಶಾವಲಿ ನನ್ನ ಹೆಗಲ ಮೇಲಿನಿಂದ ಬಾಗಿಲ ಕಡೆ ನೋಡಿದ.

ಹೊರಗೆ ಜೀಪು. ಜೀಪಿಗೆ ಒರಗಿ ಮಾನಪ್ಪ ಕಡ್ಡಿಯಿಂದ ಹಲ್ಲು ಕೆದಕುತ್ತಿದ್ದ.

"ಮಾಳಿಂಗಪ್ಪ. ಈಗ ನಿನ್ನ ಮೈಮ್ಯಾಲ ಖಾಕಿ ಇಲ್ಲ, ನೆಪ್ಪೈತಿಲ್ಲೋ?"

"ಐತಿ. ಬೆವರು ಕಡಿಮಿ ಆಗೈತಿ."

"ಮಸ್ಕಿಗೆ ಹೋಗಬ್ಯಾಡ."

"ಯಾಕ, ರಸ್ತಾ ಬಂದ್ ಐತೇನು?"

"ಆಗತೈತಿ."

ಮೋಟರ್‌ಸೈಕಲ್ಲಿಗೆ ಒದ್ದೆ. ಅವನು ಜೀಪಿಗೆ ಹಾರಿದ. ಮಸ್ಕಿ ರಸ್ತೆಗೆ ಬಿದ್ದಾಗ ನನಗೂ ಅವನಿಗೂ ನಡುವೆ ಇಪ್ಪತ್ತು ಮಾರು ಇತ್ತು. ಎದುರಿನಿಂದ ಬಸ್ಸು ಬಂದರೂ ಅವನು ವೇಗ ಇಳಿಸಲಿಲ್ಲ. ಬಂಪರ್ ಒಮ್ಮೆ ನನ್ನ ನಂಬರ್ ಪ್ಲೇಟಿಗೆ ತಾಗಿತು. ಹ್ಯಾಂಡಲ್ ಕುಣಿಯಿತು. ಮುಂದೆ ನೋಡಿದರೆ ಭತ್ತದ ಲಾರಿಗಳು, ಒಂದರ ಹಿಂದೊಂದು ಎರಡು ಸಾಲು. ತೂಕದ ಕಟ್ಟೆಗೆ ಕಾಯುತ್ತ ರಸ್ತೆ ತುಂಬಿಕೊಂಡಿದ್ದವು. ಎರಡು ಸಾಲಿನ ನಡುವೆ ಎರಡು ಮೊಳ ಜಾಗ.

ನನಗೆ ಎರಡು ಮೊಳ ಸಾಕು. ಜೀಪಿಗೆ ಸಾಲಲಿಲ್ಲ.

ಅರ್ಧ ಗಂಟೆಯ ಮುನ್ನಡೆ ಸಿಕ್ಕಿತು.

ಹುಸೇನ್‌ಸಾಬ್ ನನಗೆ ಹಳಬರು. ಇಲಾಖೆಯಲ್ಲಿದ್ದಾಗ ಹೆಣಗಳ ಫೋಟೊ ತೆಗೆಸಲು ಅವರನ್ನೇ ಕರೆಯುತ್ತಿದ್ದೆ. ಆಗ ಅವರು ಹೆಣದ ಕಣ್ಣು ಮುಚ್ಚಿಸಿ, ಅಂಗಿ ನೆಟ್ಟಗೆ ಮಾಡಿ, ಆಮೇಲೆ ಕ್ಯಾಮೆರಾ ಎತ್ತುತ್ತಿದ್ದರು. ಬಯ್ದರೂ ಕೇಳುತ್ತಿರಲಿಲ್ಲ.

"ಸಾಬ್ರ, ಶಟರ್ ಇಳಸ್ರಿ. ಜಲ್ದಿ."

ಏನು ಅಂತ ಕೇಳಲಿಲ್ಲ. ಇಳಿಸಿದರು. ಒಳಗಿನ ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ನಿಂತು ವಿಷಯ ಹೇಳಿದೆ. ಅವರು ಡಬ್ಬಿ ತೆಗೆದು, ಚೀಟಿ ಓದಿ, ಒಂದು ಪಟ್ಟಿ ಎಳೆದರು.

"ಹದಿನೇಳನೇದು. ಪೇಪರಿನವರು ಹಚ್ಚಿದ್ದು ಇದ. ಪ್ರಿಂಟ್ ಹಾಕೂಣೇನು?"

ದೊಡ್ಡದು ಮಾಡುವ ಯಂತ್ರಕ್ಕೆ ನೆಗೆಟಿವ್ ಇಟ್ಟರು. ತಲೆಯನ್ನು ಮೇಲೆ ಮೇಲೆ ಏರಿಸಿದರು. ಪೂರ್ತಿ ಚಿತ್ರ ಬಿಟ್ಟು, ಆ ಒಂದು ಮುಖ ಮಾತ್ರ ಕಾಗದದ ಮೇಲೆ ಬೀಳುವ ಹಾಗೆ.

ಆಗಲೇ ಹೊರಗೆ ಶಟರ್ ಬಡಿದರು.

"ಸಾಬ್... ಏ ಸಾಬ್... ತೆಗಿ."

ಮಾನಪ್ಪನ ದನಿ. ಹುಸೇನ್‌ಸಾಬ್ ಕಾಗದವನ್ನು ತಟ್ಟೆಯ ದ್ರಾವಣಕ್ಕೆ ಬಿಟ್ಟರು.

"ಒಡಿತಾರೇನು?" ಪಿಸುಗುಟ್ಟಿದೆ.

"ಬಜಾರಿನ್ಯಾಗ ಇಷ್ಟು ಮಂದಿ ಅದಾರ. ಹಾಡಹಗಲಿ ಒಡ್ಯಾಂಗಿಲ್ಲ. ಸುಮ್ಕ ನಿಂದ್ರು. ಎರಡು ನಿಮಿಷ ಬೇಕು."

ಧಡ್. ಧಡ್. ಧಡ್.

ಬಿಳಿ ಕಾಗದದ ಮೇಲೆ ಮೊದಲು ಟವೆಲ್ಲಿನ ಅಂಚು ಕಂಡಿತು. ಆಮೇಲೆ ಕಿವಿ. ಕಾಳು ದಪ್ಪವಾಗಿತ್ತು, ರವೆ ಚೆಲ್ಲಿದ ಹಾಗೆ. ಆದರೆ ಶಾವಲಿ ಹೇಳಿದ್ದು ಖರೆ. ಕಾಳಿನ ಹಿಂದಿನಿಂದ ಮನುಷ್ಯ ಎದ್ದು ಬರುತ್ತಿದ್ದ. ಹುಬ್ಬು, ಮೂಗು, ಕೊನೆಗೆ ಬಾಯಿ.

ಜೇಬಿನಿಂದ ಯಂಕಮ್ಮ ಕೊಟ್ಟ ಫೋಟೊ ತೆಗೆದು ಪಕ್ಕದಲ್ಲಿ ಹಿಡಿದೆ.

ತಟ್ಟೆಯಲ್ಲಿದ್ದವನು ಅರವತ್ತರ ಮುದುಕ. ಹಲ್ಲಿಲ್ಲದ ಬಾಯಿ ಒಳಗೆ ಕುಸಿದಿತ್ತು. ಮೀಸೆ ಇರಲಿಲ್ಲ.

ಹೊರಗೆ ಬಡಿತ ನಿಂತಿತ್ತು.

"ಇಂವ ಅಂವ ಅಲ್ಲ," ಅಂದರು ಹುಸೇನ್‌ಸಾಬ್.

"ಅಲ್ಲ."

"ಅಕಿಗೆ ಹ್ಯಾಂಗ ಹೇಳ್ತಿ?"

ಅವರು ಆ ಕಾಗದವನ್ನು ಮುಂದಿನ ತಟ್ಟೆಗೆ ಹಾಕಲಿಲ್ಲ. ಚಿತ್ರವನ್ನು ಕಾಯಂ ಮಾಡುವ ಹೈಪೋ ದ್ರಾವಣದಲ್ಲಿ ತೊಳೆಯದ ಪ್ರಿಂಟು ಬೆಳಕಿಗೆ ನಿಲ್ಲುವುದಿಲ್ಲ. ಹಿತ್ತಲ ಬಾಗಿಲು ತೆರೆದು ಅದನ್ನು ಬಿಸಿಲಿಗೆ ಹಿಡಿದರು. ನಾವು ನೋಡುತ್ತಿದ್ದಂತೆಯೇ ಮುದುಕನ ಮುಖ ಮಬ್ಬಾಯಿತು, ಕಂದಿತು, ಪೂರಾ ಕರಿ ಆಯಿತು.

ನೆಗೆಟಿವ್ ಮಾತ್ರ ಉಳಿಯಿತು. ಅದನ್ನು ಜೇಬಿಗಿಟ್ಟು, ಕತ್ತಲಾದ ಮೇಲೆ ಹಿತ್ತಲಿಂದ ಹೊರಬಿದ್ದೆ.

ಮರುದಿನ ಸಬ್‌ಜೈಲಿಗೆ ಹೋದೆ. ಗಾಳೆಪ್ಪ ಸರಳುಗಳ ಆಚೆ ನಿಂತಿದ್ದ. ಫೋಟೊದಲ್ಲಿದ್ದ ದವಡೆ ಕರಗಿತ್ತು.

"ನೀ ಮಸ್ಕಿಗೆ ಹೋಗಿದ್ದಿಲ್ಲ," ಅಂದೆ.

ಅವನು ಕಾವಲುಗಾರನ ಕಡೆ ಒಮ್ಮೆ ನೋಡಿ ಸರಳಿನ ಹತ್ತಿರ ಬಂದ.

"ಯಂಕಿಗೆ ಹೇಳಬ್ಯಾಡ್ರಿ."

"ಎಲ್ಲಿದ್ದಿ?"

"ಕಾಲುವಿ ಮ್ಯಾಲ. ಹಿರೇ ಮನಶ್ಯಾನ ಕಾಲರ್ ಹಿಡದಿದ್ದೆ... ತಪ್ಪಾತು ಅಂತ ಕೈಮುಗಿಯಾಕ ಹೋದೆ. ಹೆಂಡ್ತಿಗೆ ಹ್ಯಾಂಗ ಹೇಳಲಿ? ಮಸ್ಕಿಗೆ ಅಂತ ಹೇಳಿ ಮುಂಜಾಲೆ ಬಿಟ್ಟೆ. ಮಧ್ಯಾನ್ನದ ತನಕ ಸಿಂಧನೂರಾಗ ಅಡ್ಡಾಡಿದೆ. ನಾಕಕ್ಕ ಕಾಲುವಿಗೆ ಹೋದೆ."

"ಹೋಗಿ?"

"ನಾ ಮುಟ್ಟೂದ್ರೊಳಗ ಮಾನಪ್ಪ ಬಂದಿದ್ದ. ಏನೋ ಬೈದಾಡಾಕತ್ತಿದ್ರು. ನಾ ದಂಡಿ ಹುಲ್ಲಿನ್ಯಾಗ ಕುಂತೆ. ಮಾನಪ್ಪ ದೂಡಿದ. ಗ್ಯಾನಪ್ಪ ಗೇಜಿನ ಕಂಬ ಹಿಡಕೊಂಡ. ಬಲಗೈಲೆ. ಮಾನಪ್ಪ ಆ ಕೈ ಮ್ಯಾಲ ತುಳದ. ಬಿಡೂಮಟಾ ತುಳದ."

ಹಣೆಯನ್ನು ಸರಳಿಗೆ ಒತ್ತಿದ.

"ನಾ ಓಡಿ ಹೋಗಿ ಜಗ್ಗಬೇಕಿತ್ರಿ. ಹುಲ್ಲು ಹಿಡಕೊಂಡು ಕುಂತೆ."

ಗ್ಯಾನಪ್ಪನ ಬಲಗೈಯ ಮೂರು ಬೆರಳು ಮುರಿದಿದ್ದವು. ನನ್ನ ಜೊತೆಗೆ ಕೆಲಸ ಮಾಡಿದ ಬಂದೇಸಾಬ ಇನ್ನೂ ಇಲಾಖೆಯಲ್ಲಿದ್ದ, ಪೋಸ್ಟ್‌ಮಾರ್ಟಮ್ ಕಾಗದ ನೋಡಿ ನನಗೆ ಹೇಳಿದ್ದ. ಪತ್ರಿಕೆಯಲ್ಲಿ ಅದು ಬಂದಿರಲಿಲ್ಲ. ಕಂಡವನಿಗೆ ಗೊತ್ತಿರಬೇಕು, ಇಲ್ಲ ಕೊಂದವನಿಗೆ. ನಾನು ಅವನ ಮುಖ ನೋಡಿದೆ. ಹನ್ನೊಂದು ವರ್ಷ ಸುಳ್ಳುಗಾರರ ಮುಖ ನೋಡಿದ್ದೇನೆ. ತನ್ನನ್ನು ಹೇಡಿ ಅಂತ ಒಪ್ಪಿಕೊಳ್ಳುವ ಸುಳ್ಳನ್ನು ಯಾರೂ ಹೇಳಿದ್ದಿಲ್ಲ.

"ಇದನ್ನ ಪೊಲೀಸರಿಗೆ ಯಾಕ ಹೇಳಲಿಲ್ಲ?"

"ಅಲ್ಲಿದ್ದೆ ಅಂದ ಕೂಡಲೆ ಮುಂದಿನದು ಯಾರು ಕೇಳ್ತಾರ್ರಿ?"

ಅವನು ಹೇಳಿದ್ದು ಸರಿ. ಯಾರೂ ಕೇಳುವುದಿಲ್ಲ. ನಾನೂ ಖಾಕಿಯಲ್ಲಿದ್ದಾಗ ಕೇಳುತ್ತಿರಲಿಲ್ಲ.

ದಾರಿಯುದ್ದಕ್ಕೂ ಯೋಚನೆ. ನೆಗೆಟಿವ್ ಕೋರ್ಟಿಗೆ ಹೋದರೆ ಗಾಳೆಪ್ಪನ ಕತೆ ಮುಗಿಯಿತು. ಕಳೆದುಹೋಯಿತು ಅಂದರೆ ಯಾರೂ ನಂಬುವುದಿಲ್ಲ. ಆದರೆ ಮಾನಪ್ಪನೂ ಪತ್ರಿಕೆಯ ಚುಕ್ಕಿಗಳನ್ನಷ್ಟೇ ನೋಡಿದ್ದ. ಯಂಕಮ್ಮ ಅದರಲ್ಲಿ ಗಂಡನನ್ನು ಕಂಡಳು. ಅವನು ಅದರಲ್ಲಿ ಗಲ್ಲು ಕಂಡ. 'ಗಾಳೆಪ್ಪ ಬಿಡುಗಡೆಯಾದರೆ ಪೊಲೀಸರು ಬೇರೆಯವರನ್ನು ಹುಡುಕುತ್ತಾರೆ' ಅನ್ನುವ ಭಯ ಅವನನ್ನು ಓಡಿಸುತ್ತಿತ್ತು.

ಆ ಭಯ ನನಗೆ ಬೇಕಾಗಿತ್ತು.

"ಸಿಕ್ತೇನು?" ಕೇಳಿದರು ಪಾರ್ವತೆಮ್ಮ.

"ಸಿಕ್ಕೈತ್ರಿ. ಶನಿವಾರ ತರ್ತೀನಿ."

"ಮಖ ನೋಡೀಯೇನು?"

ಕಿಟಕಿಯ ಆಚೆ ನೋಡಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡನೇ ಸಲ ಕೇಳಲಿಲ್ಲ.

"ತಾ. ತರಾಕ ಆಗಲಿಲ್ಲ ಅಂದ್ರ, ಯಾಕ ಆಗಲಿಲ್ಲ ಅಂತ ಕಾಗದದಾಗ ಬರದು ಸಹಿ ಮಾಡಿ ಕೊಡು."

ಹುಸೇನ್‌ಸಾಬ್ ಒಪ್ಪಲು ಎರಡು ದಿನ ಹಿಡಿಯಿತು.

"ನಲವತ್ತು ವರ್ಷದಾಗ ಒಂದ ನೆಗೆಟಿವ್ ಕೆಡಿಸಿಲ್ಲ ನಾನು."

"ನೀವು ಕೆಡಸಬ್ಯಾಡ್ರಿ. ಕೆಡಸವರು ಬರ್ತಾರ. ನೀವು ಇನ್ನೊಂದು ತೆಗೀರಿ."

ಶುಕ್ರವಾರ ಮಸ್ಕಿಯ ಚಹಾದಂಗಡಿಯಲ್ಲಿ ಕೂತು, ನಾಲ್ಕು ಮಂದಿಗೆ ಕೇಳುವ ಹಾಗೆ ಬಾಯಿ ಬಿಟ್ಟೆ. ನಾಳೆ ಹತ್ತೂವರೆಗೆ ನೆಗೆಟಿವ್ ತಗೊಂಡು ಲಿಂಗಸೂಗೂರಿಗೆ ಹೋಗುತ್ತೇನೆ. ಹೆದ್ದಾರಿಯಲ್ಲಿ ಅಲ್ಲ, ಸುತ್ತು ಹಾಕಿ ಸಂತೆಕಲ್ಲೂರಿನ ಮೇಲೆ. ಮಾತು ಸಿಂಧನೂರು ಮುಟ್ಟಲು ಒಂದು ತಾಸೂ ಬೇಕಾಗಲಿಲ್ಲ.

ಸಂತೆಕಲ್ಲೂರಿನ ಹತ್ತಿರ ದಸ್ತಗೀರ್‌ಸಾಬ್ ಅನ್ನುವ ನಿವೃತ್ತ ಹೆಡ್‌ಮಾಸ್ಟರರ ಹೊಲ. ಅವರ ಮಾತನ್ನು ಆ ಕಡೆಯ ಹತ್ತು ಊರು ನಂಬುತ್ತವೆ. ಆ ವಾರ ಅವರ ಹೊಲದಲ್ಲಿ ಜೋಳ ಕೊಯ್ಲು. ಅವರಿಗೆ ನಾನು ಹೇಳಿದ್ದು ಇಷ್ಟೇ, "ಸರ್, ಶನಿವಾರ ನಿಮ್ಮ ಬಣವಿ ಹಿಂದ ಹುಸೇನ್‌ಸಾಬ್ರ ಜೋಡಿ ನಿಂತಿರ್ರಿ. ಏನು ಕಾಣತೈತಿ ಅದನ್ನ ಕೋರ್ಟಿಗೆ ಬಂದು ಹೇಳ್ರಿ. ಹೆಚ್ಚಿಗಿ ಒಂದು ಮಾತೂ ಬ್ಯಾಡ."

ಶನಿವಾರ ಹತ್ತೂವರೆ. ಊರು ದಾಟಿ ಮೂರು ಕಿಲೋಮೀಟರಿಗೆ ಜೀಪು ಕನ್ನಡಿಯಲ್ಲಿ ಕಂಡಿತು. ಈ ಸಲ ನಡುವೆ ಲಾರಿಗಳಿರಲಿಲ್ಲ. ಹೊಲದ ತಿರುವಿಗೆ ಬಂದಾಗ ವೇಗ ಇಳಿಸಬೇಕು ಅಂದುಕೊಂಡಿದ್ದೆ. ಅದಕ್ಕೂ ಮೊದಲೇ ಅವರು ಗುದ್ದಿದರು. ಗಾಳಿಯಲ್ಲಿ ಎಷ್ಟು ದೂರ ಹೋದೆನೋ ಗೊತ್ತಿಲ್ಲ. ಭುಜ ಮೊದಲು ನೆಲ ಮುಟ್ಟಿತು. ಆಮೇಲೆ ಜಾಕ್ ರಾಡು ಎರಡು ಸಲ ಪಕ್ಕೆಗೆ ಬಿತ್ತು. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಈಗ ಕಡ್ಡಿ ಗೀರಿದಲ್ಲಿಗೆ ಬನ್ನಿ.

ಮಾನಪ್ಪ ನೆಗೆಟಿವ್‌ನ ತುದಿಗೆ ಬೆಂಕಿ ಹಿಡಿಸಿದ. ಬೆಳಕಿಗೆ ಹಿಡಿದು ನೋಡಲಿಲ್ಲ. ಒಮ್ಮೆ ದೊಡ್ಡದು ಮಾಡಿಸಿ ಆ ಮುದುಕನ ಮುಖ ನೋಡಿದ್ದರೆ ಸಾಕಿತ್ತು, ನನ್ನ ಜೇಬಿಗೇ ವಾಪಸ್ ಇಟ್ಟು ಕೈಮುಗಿದು ಹೋಗುತ್ತಿದ್ದ. ಫಿಲ್ಮು ಸುರುಟಿತು, ಕರಗಿತು, ಕರಿ ಹನಿಗಳಾಗಿ ಕೂಳೆಯ ಮೇಲೆ ಬಿತ್ತು. ಕೆಟ್ಟ ವಾಸನೆ. ಬೆರಳು ಸುಟ್ಟಾಗ ಕೈ ಜಾಡಿಸಿದ.

"ಈಗ ಗಾಳೆಪ್ಪಗ ಹೇಳು, ಮಸ್ಕಿಗೆ ಹೋಗಿದ್ದೆ ಅಂತ."

"ಸುಟ್ಟು ನೀನ ಹೇಳಿದಂಗಾತು," ಅಂದೆ.

"ಏನಂದಿ?"

ರಾಡು ಮೇಲೆದ್ದಿತು.

ಅಷ್ಟರಲ್ಲಿ ಬಣವೆಯ ಹಿಂದಿನಿಂದ ಹುಸೇನ್‌ಸಾಬ್ ಈಚೆ ಬಂದರು. ಕೊರಳಲ್ಲಿ ಕ್ಯಾಮೆರಾ, ಅದಕ್ಕೆ ಮೊಳದುದ್ದದ ಲೆನ್ಸು. ಪಕ್ಕದಲ್ಲಿ ಬಿಳಿ ಅಂಗಿಯ ದಸ್ತಗೀರ್‌ಸಾಬ್. ಅವರ ಹಿಂದೆ ಹದಿನೆಂಟು ಇಪ್ಪತ್ತು ಹೆಂಗಸರು, ಎಲ್ಲರ ಕೈಯಲ್ಲೂ ಕುಡುಗೋಲು. ಯಾರೂ ಓಡಿ ಬರಲಿಲ್ಲ. ಕೂಗಲೂ ಇಲ್ಲ. ಕೊಯ್ಲಿನ ಸಾಲಿನಂತೆ ನಡೆದು ಬಂದರು.

ಮಾನಪ್ಪ ಅವರನ್ನು ನೋಡಿದ. ಕ್ಯಾಮೆರಾ ನೋಡಿದ. ನನ್ನನ್ನು ನೋಡಿದ. ಆಮೇಲೆ ಜೀಪು ಹತ್ತಿದ.

"ನಿಧಾನದ ಫಿಲ್ಮು ಹಾಕೀನಿ," ಹುಸೇನ್‌ಸಾಬ್ ನನ್ನನ್ನು ಎಬ್ಬಿಸುತ್ತ ಹೇಳಿದರು. "ಬಿಸಿಲು ಭರ್ತಿ. ಕಾಳು ಅನ್ನೋದ ಇರಂಗಿಲ್ಲ. ಅವನ ಮೀಸಿ ಎಣಿಸಬಹುದು."

ಜಾಮೀನು ಆ ತಿಂಗಳೇ ಸಿಕ್ಕಿತು. ವಿಚಾರಣೆ ನವೆಂಬರಿನಲ್ಲಿ ಮುಗಿಯಿತು, ರಾಯಚೂರಿನ ಕೋರ್ಟಿನಲ್ಲಿ. ಪಾರ್ವತೆಮ್ಮ ಶಾವಲಿಯ ಫ್ಲಾಪಿಯ ಚಿತ್ರ ಇಟ್ಟರು, ಹೊಲದ ಚಿತ್ರಗಳನ್ನೂ ಇಟ್ಟರು. ಒಂದರಲ್ಲಿ ಗೀರಿನ ಅಂಗಿ, ಚೌಕ, ಮರಳು. ಇನ್ನೊಂದರಲ್ಲಿ ಮಾನಪ್ಪನ ಮುಖ, ಉರಿಯುವ ಫಿಲ್ಮು, ಜೀಪಿನ ನಂಬರು, ಅದರ ಬಾಗಿಲ ಮೇಲೆ ಪಂಪಣ್ಣನ ಮಿಲ್ಲಿನ ಹೆಸರು.

ಸರ್ಕಾರಿ ವಕೀಲರು ಹುಸೇನ್‌ಸಾಬರನ್ನು ಕೇಳಿದರು. ಸುಟ್ಟ ನೆಗೆಟಿವ್‌ನಲ್ಲಿ ಇದ್ದವನು ಆರೋಪಿಯೇ ಅಂತ ಹೇಳುತ್ತೀರಾ?

"ಶಿಬಿರಕ್ಕ ಇನ್ನೂರು ಮಂದಿ ಬಂದಿದ್ರು ಸಾಹೇಬ್ರ. ನಾ ಅತಿಥಿಗಳ ಮಖಕ್ಕ ಫೋಕಸ್ ಮಾಡೀನಿ."

ಒಂದೊಂದು ಮಾತೂ ಖರೆ. ಹೊರಗೆ ಬಂದ ಮೇಲೆ ಅವರು ನನ್ನ ಜೊತೆ ಚಹಾ ಕುಡಿಯಲಿಲ್ಲ. ಆಮೇಲೆ ಯಾವತ್ತೂ ಕುಡಿಯಲಿಲ್ಲ.

ಜಡ್ಜ್ ಸಾಹೇಬರು ಒಂದೇ ಪ್ರಶ್ನೆ ಕೇಳಿದರು. ಆರೋಪಿ ಅದರಲ್ಲಿ ಇಲ್ಲದಿದ್ದರೆ, ಹಾಡಹಗಲಲ್ಲಿ ಒಬ್ಬನ ಭುಜ ಮುರಿದು ಅದನ್ನು ಸುಡುವ ಅವಸರ ಇವರಿಗೆ ಏನಿತ್ತು? ಸರ್ಕಾರಿ ವಕೀಲರು ಕಡತ ಮಡಚಿ ಕೂತರು.

ಗಾಳೆಪ್ಪ ಬಿಡುಗಡೆಯಾದ. ಯಂಕಮ್ಮ ಕೋರ್ಟಿನ ಅಂಗಳದಲ್ಲಿ ನನ್ನ ಕಾಲು ಮುಟ್ಟಲು ಬಂದಳು, ತಪ್ಪಿಸಿಕೊಂಡೆ. ಗಾಳೆಪ್ಪ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಮಾನಪ್ಪನಿಗೆ ನನ್ನನ್ನು ಹೊಡೆದದ್ದಕ್ಕೂ ಸಾಕ್ಷ್ಯ ಸುಟ್ಟದ್ದಕ್ಕೂ ಸೇರಿ ಎರಡು ವರ್ಷ ಬಿತ್ತು. ಯಾರು ಕಳಿಸಿದರು ಅಂತ ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಪಂಪಣ್ಣನ ಪೈಪನ್ನು ಒಂದು ವಾರ ಮುಚ್ಚಿದರು. ಎಂಟನೇ ದಿನ ಬಿಚ್ಚಿದರು. ಗ್ಯಾನಪ್ಪನ ಸಾವಿಗೆ ಬೇರೆ ಆರೋಪಿ ಸಿಗಲಿಲ್ಲ ಅಂತ ಬರೆದು ಕಡತ ಕಟ್ಟಿಟ್ಟರು.

ಡಿಸೆಂಬರಿನ ಒಂದು ಮಧ್ಯಾಹ್ನ ಪಾರ್ವತೆಮ್ಮನವರ ಆಫೀಸಿನ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು. ನನ್ನನ್ನು ಕಂಡು ಎದ್ದಳು.

"ಮಾಳಿಂಗಪ್ಪ ಅಂದ್ರ ನೀನೇನಪ್ಪ?"

"ಹೌದವ್ವ."

"ನಾ ಮುದುಕಮ್ಮ. ಗ್ಯಾನಪ್ಪನ ಹೇಣ್ತಿ."

ನಿಂತೆ.

"ಗಾಳೆಪ್ಪನ್ನ ಬಿಡಿಸಿದಾಂವ ನೀನಂತ. ಛಲೋ ಮಾಡಿದಿ. ಅಂವ ಕೊಂದಿಲ್ಲ ಅಂತ ನನಗ ಮೊದಲ ಗೊತ್ತಿತ್ತು. ಜಗಳಾಡಿದ ದಿನ ಸಂಜಿಗೆ ಹೇಳಿ ಕಳಿಸಿದ್ದ... ತಪ್ಪಾಗೈತಿ, ನಾಳೆ ಕಾಲುವಿಗೆ ಬಂದು ಕೈಮುಗಿತೀನಿ ಅಂತ. ಪೊಲೀಸರಿಗೆ ಹೇಳಿದ್ರ ಅವನ ಕುತ್ತಿಗಿಗೆ ಬರತಿತ್ತು. ಹೇಳಲಿಲ್ಲ."

ಅವಳು ಮತ್ತೆ ಮೆಟ್ಟಿಲ ಮೇಲೆ ಕೂತಳು.

"ಅಂವ ಮಸ್ಕಿಗೆ ಹೋಗಿಬಿಟ್ಟ. ಹೇಳಿದಂಗ ಬಂದಿದ್ರ, ಯಾರು ದೂಡಿದ್ರು ಅನ್ನೋದನ್ನರ ಕಾಣತಿದ್ದ."

ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ, ಬೆವರು.

"ಹುಡುಕೂದು ನಿನ್ನ ಕಸುಬಂತ. ಕಂಡವರು ಒಬ್ಬರರ ಇರಬೇಕಪ್ಪ. ಒಬ್ಬನ್ನ ಹುಡುಕಿ ಕೊಡು, ಸಾಕು."

"ಹುಡುಕ್ತೀನವ್ವ," ಅಂದೆ.

ಹುಡುಕುವುದೇನಿದೆ? ಕಂಡವನೊಬ್ಬ ಗೊರೇಬಾಳದಲ್ಲೇ ಇದ್ದಾನೆ. ಆ ಹೊತ್ತಿಗೆ ಅವನು ಮಸ್ಕಿಯಲ್ಲಿದ್ದ ಅಂತ ಕೋರ್ಟನ್ನು ನಂಬಿಸಿದವನು ನಾನೇ.